ಹುಳುಮನೆಗೆ ಕಾಲಿಡದವಳ ಅನುಭವ

ಕಂಬೈನಲ್ಲೂರು
12 ಆಗಸ್ಟ್ 1996

ದೊಡ್ಡಮ್ಮನಿಗೆ ಭುವನಾಳ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿ ನೋವು ಕಡಿಮೆಯಾಗಿದೆ. ನನಗೆ ನಿಮ್ಮಿಂದ ಒಂದು ಉಪಕಾರ ಆಗಬೇಕು.

ಸೇಲಂನಲ್ಲಿ ರೇಷ್ಮೆ ಹುಳು ಸಾಕುವವರಿಗೆ ಸಲಹೆ ಕೊಡುವ ಹೊಸ ಯೋಜನೆಯೊಂದು ಶುರುವಾಗುತ್ತಿದೆಯಂತೆ. ನಮ್ಮ ಕಡೆಯ ಹಳ್ಳಿಗಳನ್ನು ಸುತ್ತಲು ಒಬ್ಬ ಕನ್ಸಲ್ಟೆಂಟ್ ಬೇಕು ಎಂದು ಪೇಪರಿನಲ್ಲಿ ಹಾಕಿದ್ದಾರೆ. ನಾನು ಮಾಡುತ್ತಿರುವ ಕೆಲಸಕ್ಕೆ ಇಷ್ಟು ದೊಡ್ಡ ಹೆಸರಿದೆ ಎಂದು ನನಗೆ ಗೊತ್ತಾದದ್ದೇ ಅದನ್ನು ಓದಿದ ಮೇಲೆ. ನಿಮಗೆ ನೆನಪಿರಬಹುದು, ಡಿಪ್ಲೊಮಾ ಮುಗಿಸಿ ಒಂದು ರೇಷ್ಮೆ ಸ್ಕೀಮಿನಲ್ಲಿ ಸೇರಿದ್ದೆ. ಆ ಸ್ಕೀಮು ಮುಚ್ಚಿ ನಾಲ್ಕು ವರ್ಷವಾಯಿತು. ಆದರೆ ಹುಳು ಸಾಕುವ ಮನೆಗಳವರು ನನ್ನನ್ನು ಬಿಡಲಿಲ್ಲ. ಹುಳು ಮಂಕಾದರೆ, ಸೊಪ್ಪು ತಿನ್ನದಿದ್ದರೆ ಹೇಳಿ ಕಳಿಸುತ್ತಾರೆ. ನಾನು ಹೋಗುತ್ತೇನೆ. ಹರೂರಿನವರೆಗೂ ಹೋದದ್ದಿದೆ.

ಮಣಿಕಂಠ ಅಣ್ಣನಿಗೆ ಇದು ಹಿಡಿಸುತ್ತಿಲ್ಲ. ಹೋದ ವಾರ ಊಟಕ್ಕೆ ಕೂತಾಗ, "ನಿನ್ ತಂಗಿ ಏನ್ ಮಾಡ್ತಾಳೆ ಅಂತ ಬಸ್ ಸ್ಟ್ಯಾಂಡಲ್ಲಿ ಕೇಳ್ತಾರೆ. ಒತ್ತಾರೆ ಎದ್ದು ಊರೂರು ತಿರುಗ್ತಾಳೆ ಅನ್ಲಾ? ಪೊಂಗಲ್‌ಗಂಟ ಟೈಮ್ ಕೊಡ್ತೀನಿ. ಒಂದು ಕೆಲ್ಸದ ಆರ್ಡರ್ ಕೈಗೆ ಬಂದ್ರೆ ಸರಿ, ಇಲ್ಲಾಂದ್ರೆ ಮನೇಲಿರು" ಎಂದ. ಅಮ್ಮ ಅವನ ತಟ್ಟೆಗೆ ಸಾರು ಬಡಿಸಿದಳು. ಈ ಕೆಲಸ ಬಿಟ್ಟು ಮನೆಯಲ್ಲಿ ಕೂರುವುದನ್ನು ನೆನೆಸಿಕೊಂಡರೆ ನನಗೆ ಅನ್ನ ಇಳಿಯುವುದಿಲ್ಲ ದೊಡ್ಡಮ್ಮಾ.

ಅರ್ಜಿಯ ಜೊತೆ ನನ್ನ ಅನುಭವವನ್ನು ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಕೊಡಬೇಕು. ಬರೆದದ್ದನ್ನು ಇದರೊಳಗೆ ಇಟ್ಟಿದ್ದೇನೆ. ಆಫೀಸಿನಲ್ಲಿ ಇಂಗ್ಲಿಷ್ ಕಾಗದ ಟೈಪ್ ಮಾಡಿಯೇ ತಲೆ ನರೆಸಿಕೊಂಡವರು ನೀವು. ತಿದ್ದಿಕೊಡಿ.

ನೀವು ಬೇಸಿಗೆ ರಜೆಯಲ್ಲಿ ಕೂರಿಸಿ ಕಲಿಸಿದ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಮಾತೆಲ್ಲ ಕನ್ನಡ, ಓದು ಬರಹವೆಲ್ಲ ತಮಿಳು. ಅಣ್ಣನಿಗೆ ಇದನ್ನು ಓದಲು ಬರುವುದಿಲ್ಲ, ಅದೂ ಒಂದು ಅನುಕೂಲವೇ.

ಭುವನಾ


ಅಮ್ಮಾಪೇಟೆ, ಸೇಲಂ
19 ಆಗಸ್ಟ್ 1996

ಲೇ ಭುವನಾ,

ನಿನ್ನ ಇಂಗ್ಲಿಷ್ ಓದಿದೆ. ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ಓದಿದೆ. ಕನ್ನಡಕದ ತಪ್ಪಲ್ಲ.

ಏನೇ ಇದು? "ಕರೆದರು, ಹೋದೆ. ಕೇಳಿದರು, ಹೇಳಿದೆ. ವಾಪಸು ಬಂದೆ." ಇದು ಅನುಭವವೋ, ಪೊಲೀಸ್ ಸ್ಟೇಷನ್ನಿನಲ್ಲಿ ಕೊಟ್ಟ ಹೇಳಿಕೆಯೋ? ಕೆಲಸ ಕೇಳುವವಳು ಹೀಗೆ ಗೋಡೆಗೆ ಒರಗಿಕೊಂಡು ಮಾತಾಡಿದರೆ ಯಾರು ಕೊಡುತ್ತಾರೆ? ಇನ್ನೊಂದು ಕಡೆ, ಹುಳುಗಳಿಗೆ ನಾಲ್ಕು ಸಲ ಜ್ವರ ಬಂತು ಎಂದು ಬರೆದಿದ್ದೀಯ. ಪೊರೆ ಬಿಡುವುದಕ್ಕೆ ನಮ್ಮವರು ಜ್ವರಕ್ಕೆ ಕೂತಿತು ಅನ್ನುತ್ತಾರೆ ಎಂದು ನನಗೆ ಗೊತ್ತು, ಆಫೀಸಿನವರಿಗೆ ಗೊತ್ತಾ? ಇದ್ದ ಹುಳುವಿಗೆಲ್ಲ ಜ್ವರ ಬರಿಸಿದ ಪುಣ್ಯಾತ್ಗಿತ್ತಿ ಅಂದುಕೊಳ್ಳುತ್ತಾರೆ!

ನಾನು ಪೂರ್ತಿ ಬೇರೆಯಾಗಿ ಬರೆದಿದ್ದೇನೆ. ಅರವತ್ತಕ್ಕೂ ಹೆಚ್ಚು ಕುಟುಂಬಗಳ ಹುಳುಮನೆಗಳನ್ನು ನೀನು ಇನ್‌ಸ್ಪೆಕ್ಟ್ ಮಾಡಿದ್ದೀಯ, ರೋಗ ಪತ್ತೆ ಹಚ್ಚಿದ್ದೀಯ, ಪರಿಹಾರ ಜಾರಿ ಮಾಡಿಸಿದ್ದೀಯ, ಫಸಲು ಕಾಪಾಡಿದ್ದೀಯ. ನನ್ನ ಹಳೆಯ ಮೆಷಿನ್‌ಗೆ ಹೊಸ ರಿಬ್ಬನ್ ಹಾಕಿ ಟೈಪ್ ಮಾಡಿದೆ. ಎಷ್ಟು ವರ್ಷವಾಗಿತ್ತು ಇಂಥ ಕೆಲಸ ಮಾಡಿ! ಬೆಳಗಿನ ಕಾಫಿಯನ್ನೇ ಮರೆತೆ. ರಿಟೈರ್ ಆದ ಮೇಲೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ನೀನು ಕೇಳಿದ್ದಕ್ಕೆ ನಾನೇ ನಿನಗೆ ಥ್ಯಾಂಕ್ಸ್ ಹೇಳಬೇಕು, ಆದರೆ ಹೇಳುವುದಿಲ್ಲ, ನಿನಗೆ ಕೊಬ್ಬು ಬರುತ್ತದೆ.

ಸಹಿ ಮಾಡಿ ವಾಪಸು ಕಳಿಸು. ಅರ್ಜಿಯನ್ನು ನಾನೇ ಆಫೀಸಿಗೆ ಹೋಗಿ ಕೊಟ್ಟು ಬರುತ್ತೇನೆ.

ನಿನ್ನ ದೊಡ್ಡಮ್ಮ
ಸಿದ್ದಲಕ್ಷ್ಮಮ್ಮ


ಕಂಬೈನಲ್ಲೂರು
26 ಆಗಸ್ಟ್ 1996

ದೊಡ್ಡಮ್ಮಾ,

ನಿಮ್ಮ ಇಂಗ್ಲಿಷ್ ಪುಟ ಬಂದ ದಿನ ಮನೆಯಲ್ಲಿ ಹಬ್ಬ. ಅಣ್ಣ ಅದನ್ನು ಜೋರಾಗಿ ಓದಿದ. ಅರ್ಧಕ್ಕೆ ನಿಲ್ಲಿಸಿ ನನ್ನನ್ನು ಒಂದು ಸಲ ನೋಡಿ ಮತ್ತೆ ಓದಿದ. ಮುಗಿಸಿದ ಮೇಲೆ, "ಇದೆಲ್ಲಾ ನೀನಾ ಮಾಡಿದ್ದು?" ಎಂದು ಕೇಳಿದ. ಅವನು ನನ್ನನ್ನು ಹಾಗೆ ಕೇಳಿದ್ದು ಇದೇ ಮೊದಲು. ಅಮ್ಮ ಅವತ್ತು ನನಗೆ ಅಂತಲೇ ಮೊಟ್ಟೆ ಸಾರು ಮಾಡಿದಳು.

ನಿಮ್ಮ ಋಣ ಹೇಗೆ ತೀರಿಸಲಿ ಗೊತ್ತಿಲ್ಲ. ಸಹಿ ಮಾಡಿ ಕಳಿಸಿದ್ದೇನೆ.

ಒಂದು ಸಣ್ಣ ಅನುಮಾನ. ಇನ್‌ಸ್ಪೆಕ್ಟ್ ಮಾಡಿದೆ ಅಂದರೆ ಒಳಗೆ ಹೋಗಿ ನೋಡಿದೆ ಅಂತಲೇ ಅರ್ಥವಾ? ನಿಮಗೆ ಸರಿ ಅನ್ನಿಸಿದರೆ ಸರಿ. ಸುಮ್ಮನೆ ಕೇಳಿದೆ.

ಭುವನಾ


ಅಮ್ಮಾಪೇಟೆ, ಸೇಲಂ
4 ಸೆಪ್ಟೆಂಬರ್ 1996

ಭುವನಾ,

ಸಹಿ ಬಂದ ದಿನವೇ ಅರ್ಜಿ ಕೊಟ್ಟು ಬಂದೆ.

ನಿನ್ನ ಅನುಮಾನಕ್ಕೆ ಉತ್ತರ: ಮತ್ತೆ ಹೊರಗಿಂದ ನೋಡಿ ಯಾರಾದರೂ ಇನ್‌ಸ್ಪೆಕ್ಟ್ ಮಾಡುತ್ತಾರಾ? ನೀನು ನಿಮ್ಮ ಅಮ್ಮನ ಹಾಗೇ. ಮದುವೆ ಮನೆಯಲ್ಲಿ ಅಡುಗೆಯೆಲ್ಲ ಅವಳೇ ಮಾಡಿ, ಯಾರಾದರೂ ಚೆನ್ನಾಗಿದೆ ಅಂದರೆ ಕಂಬದ ಹಿಂದೆ ನಿಂತುಕೊಳ್ಳುತ್ತಿದ್ದಳು. ಈ ನಾಚಿಕೆಯನ್ನೆಲ್ಲ ಗಂಟು ಕಟ್ಟಿ ಅಟ್ಟದ ಮೇಲಿಡು. ಮಾಡಿದ್ದನ್ನು ಮಾಡಿದೆ ಎಂದು ಹೇಳಿಕೊಳ್ಳುವುದು ತಪ್ಪಲ್ಲ.

ದೊಡ್ಡಮ್ಮ


ಕಂಬೈನಲ್ಲೂರು
20 ಅಕ್ಟೋಬರ್ 1996

ದೊಡ್ಡಮ್ಮಾ,

ನಿಮಗೆ ಸುಮಾರು ಎರಡು ತಿಂಗಳಿಂದ ಬರೆಯಲಿಲ್ಲ. ಬರೆಯಲು ಧೈರ್ಯ ಬರಲಿಲ್ಲ.

ಆಫೀಸಿನಿಂದ ಕಾಗದ ಬಂದಿದೆ. ಕೊನೆಯ ಇಬ್ಬರಲ್ಲಿ ನಾನೂ ಒಬ್ಬಳಂತೆ. ಡಿಸೆಂಬರ್ ಮೊದಲ ವಾರ ಶಿವರಾಮನ್ ಎಂಬ ಆಫೀಸರು ಇಲ್ಲಿಗೇ ಬಂದು, ನಾನು ಸಲಹೆ ಕೊಡುವ ಒಂದು ಮನೆಯನ್ನು ನೋಡಿ, ಆಮೇಲೆ ತೀರ್ಮಾನ ಮಾಡುತ್ತಾರೆ. ಅಣ್ಣ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದಾನೆ.

ನಾನು ಇದುವರೆಗೆ ಒಂದೇ ಒಂದು ಹುಳುಮನೆಯ ಒಳಗೂ ಕಾಲಿಟ್ಟಿಲ್ಲ ದೊಡ್ಡಮ್ಮಾ.

ನಾಚಿಕೆಯಿಂದ ಹೇಳುತ್ತಿಲ್ಲ, ಇದು ನಿಜ. ನಮ್ಮ ಕಡೆ ಒಂದು ಕಟ್ಟುಪಾಡಿದೆ. ಒಂದು ಹುಳುಮನೆಯಿಂದ ಬಂದವರು ಇನ್ನೊಂದು ಹುಳುಮನೆಯ ಹೊಸಿಲು ದಾಟಬಾರದು. ಕೆಲವರು ಕಣ್ಣು ಬೀಳುತ್ತದೆ ಅನ್ನುತ್ತಾರೆ, ಕೆಲವರು ಅಂಟು ಅನ್ನುತ್ತಾರೆ. ಅಂಟು ಅನ್ನುವುದು ಸುಳ್ಳಲ್ಲ, ಹಾಲುರೋಗ ಬಂದ ಮನೆಯ ಧೂಳು ಕಾಲಿಗೆ ಮೆತ್ತಿದರೂ ಸಾಕು, ಇನ್ನೊಂದು ಮನೆಯ ಬೆಳೆ ಹೋಗುತ್ತದೆ. ಬೇರೆಯವರಿಗಾದರೆ ಈ ಕಟ್ಟು ಯಾವತ್ತೋ ಒಂದು ದಿನ. ನನ್ನ ಕೆಲಸವೇ ಮನೆಯಿಂದ ಮನೆಗೆ ಹೋಗುವುದು. ಹಾಗಾಗಿ ನನಗೆ ಎಲ್ಲ ಮನೆಯೂ ಯಾವತ್ತೂ ಹೊರಗಿನಿಂದಲೇ.

ನಾನು ಮಾಡುವುದಿಷ್ಟು. ಅಂಗಳದ ಹುಣಸೆ ಮರದ ಕೆಳಗೆ ನಿಲ್ಲುತ್ತೇನೆ. ಮನೆಯವರು ಮೊರದಲ್ಲಿ ಹುಳುವಿನ ಹಿಕ್ಕೆ, ತಿಂದು ಬಿಟ್ಟ ಸೊಪ್ಪು ತಂದು ತೋರಿಸುತ್ತಾರೆ. ಹಿಕ್ಕೆ ಗಟ್ಟಿಯಾಗಿ ಒಣಗಿದೆಯಾ, ಒದ್ದೆಯಾ, ನಾತ ಬರುತ್ತಿದೆಯಾ ನೋಡುತ್ತೇನೆ. ಆಮೇಲೆ ಕೇಳುತ್ತೇನೆ. ಕಿಟಕಿ ಯಾವಾಗ ತೆಗೆದಿರಿ, ಸೊಪ್ಪು ಯಾವ ಹೊತ್ತಿನಲ್ಲಿ ಕೊಯ್ದಿರಿ, ಮಳೆ ನೀರು ಒರೆಸಿ ಹಾಕಿದಿರಾ ಅಂತ. ಹರೂರು ದಾರಿಯಲ್ಲಿ ಪೊನ್ನಮ್ಮ ಅಂತ ಒಬ್ಬರಿದ್ದಾರೆ, ಅಂಗಳದಲ್ಲಿ ನನಗೆ ಮಣೆ ಹಾಕಿ ಮಜ್ಜಿಗೆ ಕೊಟ್ಟು, "ಕೇಳವ್ವ, ಏನ್ ಬೇಕಾದ್ರೂ ಕೇಳು, ನಾನ್ ಓಗಿ ನೋಡ್ಕೊಂಡ್ ಬಂದು ಏಳ್ತೀನಿ" ಅಂತ ಹತ್ತು ಸಲ ಒಳಗೆ ಹೊರಗೆ ಓಡಾಡುತ್ತಾರೆ. ನನ್ನ ಕಣ್ಣು ಅವರೇ.

ಆಗಲೇ ನಿಮಗೆ ಇದನ್ನೆಲ್ಲ ಬರೆಯಬೇಕಿತ್ತು. ಅಣ್ಣ ಆ ಪುಟ ಓದಿ ನನ್ನ ಮುಖ ನೋಡಿದನಲ್ಲ, ಆ ನೋಟ ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಈಗ ಏನು ಮಾಡಲಿ?

ಭುವನಾ


ಅಮ್ಮಾಪೇಟೆ, ಸೇಲಂ
24 ಅಕ್ಟೋಬರ್ 1996

ಭುವನಾ,

ನಿನ್ನ ಕಾಗದ ಓದಿ ಮೊದಲು ನಿನ್ನ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೆ. ಕೇಳಿದ್ದೆಯಲ್ಲ ನೀನು, ನಾನೇ ಬಾಯಿ ಮುಚ್ಚಿಸಿದೆ. ಇರಲಿ, ಅತ್ತು ಕೂತರೆ ಆಗುವುದಿಲ್ಲ.

ಈಗ ತಿದ್ದುಪಡಿ ಅಂತ ಹೋದರೆ, ಈ ಹುಡುಗಿ ಮೊದಲು ಬರೆದದ್ದು ಸುಳ್ಳು ಅನ್ನುತ್ತಾರೆ. ಫೈಲ್ ಮುಚ್ಚಿ ಇನ್ನೊಬ್ಬರಿಗೆ ಕೊಡುತ್ತಾರೆ. ಆಫೀಸುಗಳು ನನಗೆ ಚೆನ್ನಾಗಿ ಗೊತ್ತು. ನಾನು ಹೇಳುವ ಹಾಗೆ ಕೇಳು. ಆ ಪೊನ್ನಮ್ಮನಿಗೆ ನಿನ್ನ ಮೇಲೆ ಪ್ರೀತಿ ಇದೆಯಲ್ಲ, ಹೋಗಿ ಇದ್ದ ವಿಷಯ ಹೇಳು. ಒಂದು ಸಲ, ಒಂದೇ ಒಂದು ಸಲ ಒಳಗೆ ಬಿಡಲಿ. ಕೈಕಾಲು ಚೆನ್ನಾಗಿ ತೊಳೆದುಕೊಂಡು ಹೋಗು, ನೋಡು, ಬಾ. ಬರೆದದ್ದರಲ್ಲಿ ಅಷ್ಟಾದರೂ ನಿಜವಾಗುತ್ತದೆ. ಆಫೀಸರು ಬಂದಾಗ ನೀನು ಅವರ ಮುಂದೆ ಹೊಸಿಲಲ್ಲಿ ತಡವರಿಸುವುದು ತಪ್ಪುತ್ತದೆ.

ನಿನ್ನ ಬದುಕಿನ ಪ್ರಶ್ನೆ ಇದು. ಹಟ ಮಾಡಬೇಡ.

ದೊಡ್ಡಮ್ಮ


ಕಂಬೈನಲ್ಲೂರು
2 ನವೆಂಬರ್ 1996

ದೊಡ್ಡಮ್ಮಾ,

ನೀವು ಹೇಳಿದ ಹಾಗೆ ಪೊನ್ನಮ್ಮನ ಮನೆಗೆ ಹೋದೆ.

ಅವರ ಹುಳು ನಾಲ್ಕನೇ ಜ್ವರ ಎದ್ದು ಕೊನೆಯ ಹಂತದ ಸೊಪ್ಪು ತಿನ್ನುತ್ತಿತ್ತು. ಇನ್ನು ಕೆಲವು ದಿನ ಕಳೆದರೆ ಗೂಡು ಕಟ್ಟುತ್ತದೆ. ಇಡೀ ಮನೆಯ ಕಷ್ಟ ಆ ತಟ್ಟೆಗಳ ಮೇಲಿರುತ್ತದೆ. ಅಂಗಳದಲ್ಲಿ ನಿಂತು ಹೇಗೋ ವಿಷಯ ಹೇಳಿದೆ. ಪೊನ್ನಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. ಸೊಪ್ಪಿನ ಕುಕ್ಕೆ ಕೆಳಗಿಟ್ಟು ಬಾಗಿಲು ಪೂರ್ತಿ ತೆಗೆದರು.

"ಬಾ ಒಳಕ್ಕೆ. ಇಷ್ಟಕ್ಕೆ ಯಾಕವ್ವ ಅಳ್ತೀಯ? ನಿನ್ ಕೆಲ್ಸಕ್ಕಿಂತ ಎಚ್ಚಾ ನಮ್ ಉಳ? ಓದ್ರೆ ಒಂದ್ ಬೆಳೆ ಓಗ್ಲಿ, ಬಾ."

ಒಳಗಿಂದ ಸೊಪ್ಪು ತಿನ್ನುವ ಸರಬರ ಸದ್ದು ಕೇಳುತ್ತಿತ್ತು. ಹೊಸಿಲ ತನಕ ಹೋದೆ. ನಾನು ಅವತ್ತು ಬೆಳಿಗ್ಗೆ ಹರೂರಿನ ಹತ್ತಿರ ಹಾಲುರೋಗ ಬಿದ್ದ ಮನೆಗೆ ಹೋಗಿ, ಅಲ್ಲಿಂದ ನೇರ ಬಂದಿದ್ದೆ. ಸೋಪು ಹಾಕಿ ತೊಳೆದಿದ್ದೆ, ನಿಜ. ಆದರೆ ಬೇರೆ ಯಾರಾದರೂ ಹೀಗೆ ಬಂದಿದ್ದರೆ "ಒಳಗೆ ಬಿಡಬೇಡಿ" ಎಂದು ನಾನೇ ಕೂಗುತ್ತಿದ್ದೆ. ಕಾಲು ಎತ್ತಲು ಆಗಲಿಲ್ಲ ದೊಡ್ಡಮ್ಮಾ. "ವೇಣಾಂ, ಬೇಡ ಅಕ್ಕ, ಬಾಗಿಲು ಹಾಕು" ಅಂದೆ. ಪೊನ್ನಮ್ಮ ಬಾಗಿಲು ಹಾಕಿ ಬಂದು ನನ್ನ ಪಕ್ಕ ಕೂತು ಸೆರಗಿನಲ್ಲಿ ನನ್ನ ಮುಖ ಒರೆಸಿದರು. ನನಗೆ ಬೆಳೆಯನ್ನೇ ಬಿಟ್ಟುಕೊಡಲು ಹೊರಟಿದ್ದರಲ್ಲ ಆ ತಾಯಿ! ಇಂಥವರ ಅಂಗಳದಲ್ಲಿ ನಿಲ್ಲಲು ನಾನು ಪುಣ್ಯ ಮಾಡಿರಬೇಕು.

ನಾನು ತೀರ್ಮಾನ ಮಾಡಿದ್ದೇನೆ. ನನ್ನ ಅನುಭವವನ್ನು ನಾನೇ ಇನ್ನೊಂದು ಸಲ ಇಂಗ್ಲಿಷಿನಲ್ಲಿ ಬರೆದಿದ್ದೇನೆ, ಇದರೊಳಗಿದೆ. ತಪ್ಪು ತಿದ್ದಿ, ಆದರೆ ಒಂದು ಮಾತನ್ನೂ ಸೇರಿಸಬೇಡಿ. ಕೆಲಸ ಹೋದರೆ ಹೋಗಲಿ. ಅಣ್ಣನಿಗೆ ನಾನೇ ಹೇಳುತ್ತೇನೆ.

ನಿಮ್ಮ ಮಾತು ಮೀರಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಭುವನಾ


ಅಮ್ಮಾಪೇಟೆ, ಸೇಲಂ
13 ನವೆಂಬರ್ 1996

ನನ್ನ ಬಂಗಾರ ಭುವನಾ,

ಬೇಜಾರಾ? ನಿನ್ನ ಕಾಗದ ಓದಿ ಅಡುಗೆ ಮನೆಯಲ್ಲಿ ಕೂತು ಅತ್ತೆ. ಒಗ್ಗರಣೆ ಸೀದುಹೋಯಿತು, ಅದೂ ಗೊತ್ತಾಗಲಿಲ್ಲ. ನಾನು ನಿನಗೆ ಎಂಥ ಬುದ್ಧಿ ಹೇಳಿಬಿಟ್ಟೆ! ಆ ಪೊನ್ನಮ್ಮನ ಬೆಳೆ ಹೋಗಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಇರುತ್ತಿದ್ದೆ? ನೀನು ನನ್ನ ಮಾತು ಕೇಳದಿದ್ದದ್ದು ನನ್ನ ಅದೃಷ್ಟ.

ನೀನು ಬರೆದ ಪುಟ ನನ್ನ ಮುಂದಿದೆ. "ನಾನು ಯಾವ ಹುಳುಮನೆಯ ಒಳಗೂ ಹೋಗಿಲ್ಲ. ದಿನವೂ ಹಲವು ಮನೆಗಳಿಗೆ ಹೋಗುವುದರಿಂದ ಒಂದು ಮನೆಯ ರೋಗವನ್ನು ಇನ್ನೊಂದಕ್ಕೆ ಒಯ್ಯಬಾರದೆಂದು ಹೊರಗೇ ನಿಲ್ಲುತ್ತೇನೆ. ಹೊರಗೆ ತಂದು ತೋರಿಸಿದ್ದನ್ನು ನೋಡುತ್ತೇನೆ, ಕೇಳುತ್ತೇನೆ, ತಿಳಿದದ್ದನ್ನು ಹೇಳುತ್ತೇನೆ. ಮಾಡುವವರು ಮನೆಯವರು. ಫಸಲು ಅವರದು. ಕೆಲವು ಸಲ ನಾನು ಹೇಳಿದ್ದು ತಪ್ಪಾಗಿದೆ. ಆಗ ಮತ್ತೆ ಹೋಗಿ, ತಪ್ಪಾಯಿತು ಎಂದು ಹೇಳಿ, ಬೇರೆ ದಾರಿ ಹುಡುಕಿದ್ದೇನೆ." ನಾನು ಎರಡು ಕಡೆ ಕಾಮಾ ಹಾಕಿದೆ, ಒಂದು ಕಡೆ ಕಾಗುಣಿತ ತಿದ್ದಿ ಟೈಪ್ ಮಾಡಿದೆ. ಅಷ್ಟೇ. ಸರ್ವೀಸಿನ ಉದ್ದಕ್ಕೂ ದೊಡ್ಡ ದೊಡ್ಡವರ ಅನುಭವ ಟೈಪ್ ಮಾಡಿದ್ದೇನೆ. ತಪ್ಪಾಯಿತು ಎಂದು ಒಬ್ಬರೂ ಬರೆದದ್ದು ನೋಡಿಲ್ಲ.

ಆಫೀಸಿಗೆ ನಾನೇ ಹೋದೆ. ಕೊಟ್ಟ ಮೇಲೆ ಮುಗಿಯಿತು, ಬದಲಾಯಿಸುವ ಹಾಗಿಲ್ಲ ಅಂದ ಅಲ್ಲಿನ ಗುಮಾಸ್ತ. ನಾನು ಬೆಂಚಿನ ಮೇಲೆ ಕೂತೆ. ಏಳು ಅಂದರೂ ಏಳಲಿಲ್ಲ. ಮಧ್ಯಾಹ್ನ ಶಿವರಾಮನ್ ಅವರೇ ಹೊರಗೆ ಬಂದರು. ಮೊದಲಿನ ಪುಟದ ಡೌಲೆಲ್ಲ ನನ್ನದು, ಹುಡುಗಿಯದಲ್ಲ ಎಂದು ಬರೆದು ಸಹಿ ಮಾಡಿ ಕೊಟ್ಟೆ. ಅವರು ನಿನ್ನ ಪುಟ ಓದಿ ತುಂಬ ಸಂತೋಷಪಟ್ಟರು. ನೀನು ನಿಶ್ಚಿಂತೆಯಾಗಿರು, ಹೊಟ್ಟೆ ತುಂಬ ಊಟ ಮಾಡು.

ದೊಡ್ಡಮ್ಮ


ಕಂಬೈನಲ್ಲೂರು
9 ಜನವರಿ 1997

ದೊಡ್ಡಮ್ಮಾ,

ಆರ್ಡರ್ ಬಂತು! ಕೆಲಸ ನನಗೇ ಸಿಕ್ಕಿತು! ಅಣ್ಣ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬೆಳಿಗ್ಗೆಯೇ ಹೋದವನು ಇನ್ನೂ ಬಂದಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಯಾರಿಗೆ ತೋರಿಸುತ್ತಿದ್ದಾನೋ. ಹೋಗುವ ಮುಂಚೆ, "ಒಳಕ್ಕೋಗ್ದೇನೇ ಆರ್ಡರ್ ತಗೊಂಡ್ಯಲ್ಲೇ, ಕಿಲಾಡಿ!" ಎಂದು ತಲೆಗೊಂದು ಮೊಟಕಿದ. ಒಂದನೇ ತಾರೀಖು ಸೇರಬೇಕು. ನಡೆದದ್ದನ್ನು ಪೂರ್ತಿ ಹೇಳುತ್ತೇನೆ, ಕಾಫಿ ಇಟ್ಟುಕೊಂಡು ಕೂತುಕೊಳ್ಳಿ.

ಶಿವರಾಮನ್ ಸಾರ್ ಬಂದಾಗ ಪೊನ್ನಮ್ಮನ ಮನೆಯಲ್ಲಿ ಮುಂದಿನ ಬೆಳೆಯ ಹುಳು ಇತ್ತು. ಹಿಂದಿನ ಬೆಳೆ ಚೆನ್ನಾಗಿ ಬಂದಿತ್ತು. ಜೀಪಿನಿಂದ ಇಳಿದವರು ದಾರಿಯಲ್ಲೇ ನನಗೆ ನೇರವಾಗಿ ಹೇಳಿದರು, "ನಿಮ್ಮ ದೊಡ್ಡಮ್ಮನಿಗೂ ಅವತ್ತೇ ಹೇಳಿದೆ. ಒಳಗೇ ಹೋಗದವರಿಗೆ ಈ ಕೆಲಸ ಕೊಡುವುದು ಕಷ್ಟ. ಅವರು ಅಷ್ಟು ಹೊತ್ತು ಕೂತಿದ್ದಕ್ಕೆ ಮರ್ಯಾದೆ ಕೊಟ್ಟು ಬಂದಿದ್ದೇನೆ" ಅಂತ. ತುಂಬ ಸಂತೋಷಪಟ್ಟರು ಎಂದು ಬರೆದಿದ್ದಿರಲ್ಲ ದೊಡ್ಡಮ್ಮಾ! ನೀವು ನಿಜ ಬರೆದಿದ್ದರೆ ನಾನು ಆ ಮೂರು ವಾರ ನಿದ್ದೆ ಊಟ ಬಿಡುತ್ತಿದ್ದೆ. ಆ ಸುಳ್ಳಿಗೆ ನಿಮ್ಮ ಕಾಲಿಗೆ ಬೀಳುತ್ತೇನೆ.

ಅವರು ಸೀದಾ ಹುಳುಮನೆಯ ಬಾಗಿಲಿಗೆ ಹೋದರು. ಪೊನ್ನಮ್ಮ ಸೊಪ್ಪಿನ ಕುಕ್ಕೆಯನ್ನು ಅಡ್ಡ ಇಟ್ಟು ನಿಂತುಬಿಟ್ಟರು.

"ನಾನ್ ಆಫೀಸರ್ ಮ್ಮಾ. ಉಳ್ಳೆ ಪಾಕ್ಕಣುಂ" ಎಂದರು ಸಾರ್, ಒಳಗೆ ನೋಡಬೇಕು ಅಂತ.

"ಯಾರಾದ್ರೇನು ಸಾಮಿ? ಬೆಳಿಗ್ಗೆಯಿಂದ ಎಷ್ಟ್ ಉಳದ್ ಮನೆ ತುಳಕೊಂಡ್ ಬಂದಿದ್ದೀಯೋ! ನಾಲ್ಕ್ ವರ್ಸದಿಂದ ಬರೋ ಇವಳೇ ಒಳಕ್ಕೆ ಬಂದಿಲ್ಲ. ಬಾ ಅಂದ್ರೂ ಬರ್ಲಿಲ್ಲ. ನೀನ್ ಓಗ್ತೀಯಾ?"

ಸಿಟ್ಟಿನಲ್ಲಿ ಪೊನ್ನಮ್ಮನಿಗೆ ತಮಿಳೆಲ್ಲ ಮರೆತು ಕನ್ನಡವೇ ಬಂದಿತ್ತು. ನಾನು ಅದನ್ನು ಎಷ್ಟು ಮೆತ್ತಗೆ ಮಾಡಬಹುದೋ ಅಷ್ಟು ಮೆತ್ತಗೆ ಮಾಡಿ ತಮಿಳಿನಲ್ಲಿ ಹೇಳಿದೆ. ಎಷ್ಟು ಮಾಡಿದರೂ ಅರ್ಥ ಅದೇ ಉಳಿಯಿತು. ನನ್ನ ಕೆಲಸ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಸಾರ್ ತಮ್ಮ ಶೂ ನೋಡಿಕೊಂಡರು. ಅವರು ನಿಜವಾಗಿಯೂ ಬೆಳಿಗ್ಗೆ ಇನ್ನೊಬ್ಬ ಅಭ್ಯರ್ಥಿ ತೋರಿಸಿದ ಹುಳುಮನೆಯ ಒಳಗೆ ಹೋಗಿ ಬಂದಿದ್ದರು. ನಗುತ್ತಾ ಹಿಂದೆ ಸರಿದು ಹುಣಸೆ ಮರದ ಕೆಳಗೆ ಬಂದು ನನ್ನ ಪಕ್ಕ ನಿಂತರು. "ಸರಿಮ್ಮಾ, ಇಲ್ಲಿಂದ ನೀನು ಏನು ಮಾಡುತ್ತೀಯೋ ಮಾಡು, ನೋಡುತ್ತೇನೆ" ಎಂದರು.

ಯಾವತ್ತಿನ ಹಾಗೆ ಮಾಡಿದೆ. ಪೊನ್ನಮ್ಮ ಮೊರ ತಂದರು, ನಾನು ನೋಡಿದೆ, ಕೇಳಿದೆ. ಹಿಕ್ಕೆ ಸ್ವಲ್ಪ ಒದ್ದೆಯಿತ್ತು. ರಾತ್ರಿ ಮಂಜು ಜಾಸ್ತಿ, ಬೆಳಗಿನ ಸೊಪ್ಪು ಒಣಗಿಸದೆ ಹಾಕಿದ್ದರು. ಬಿಸಿಲೇರಿದ ಮೇಲೆ ಕೊಯ್ಯಲು ಹೇಳಿದೆ, ತಟ್ಟೆಗೆ ಸುಣ್ಣದ ಪುಡಿ ಉದುರಿಸಲು ಹೇಳಿದೆ. ಸಾರ್ ನಡುವೆ ಬಾಯಿ ಹಾಕದೆ ಕೇಳುತ್ತಿದ್ದರು. ಕೊನೆಗೆ ಪೊನ್ನಮ್ಮನನ್ನು ಕೇಳಿದರು, ಹೊರಗೇ ನಿಂತು ಹೋಗುವ ಈ ಹುಡುಗಿಯಿಂದ ನಿಮಗೇನು ಆಗಿದೆ ಅಂತ.

ಬೆಳೆಯ ಲೆಕ್ಕ ಹೇಳುತ್ತಾರೆ ಅಂದುಕೊಂಡೆ. ಪೊನ್ನಮ್ಮ ಸೆರಗು ಸರಿಮಾಡಿಕೊಂಡು, ನನ್ನ ಕಡೆ ನೋಡದೆ ಹೇಳಿದರು.

"ಉಳ ಮೇಯೋ ದಿವ್ಸದಲ್ಲಿ ನಮ್ಗೆಲ್ಲಿ ಸಾಮಿ ನಿದ್ದೆ? ಏನಾಗ್ತದೋ ಅಂತ ಎದೆ ಒಡ್ಕೊಳ್ತಿರ್ತದೆ. ಇವ್ಳು ಬಂದೋದ್ ದಿವ್ಸ ನಾನ್ ಮಲಿಕ್ಕೊಂತೀನಿ."

ಸಾರ್ ಅದರ ಅರ್ಥ ಕೇಳಿದರು. ಒಂದು ಮಾತನ್ನೂ ಸೇರಿಸದೆ ತಮಿಳಿನಲ್ಲಿ ಹೇಳಿದೆ. ಅವರು ಫೈಲಿನಿಂದ ನನ್ನ ಪುಟ ತೆಗೆದು, ಪೆನ್ನು ಕೊಟ್ಟು, ಆ ಮಾತನ್ನು ಇಂಗ್ಲಿಷಿನಲ್ಲಿ ಅದರ ಕೆಳಗೆ ಬರೆ ಎಂದರು. ಜೀಪಿನ ಬಾನೆಟ್ ಮೇಲೆ ಇಟ್ಟುಕೊಂಡು ಬರೆದೆ. ನೀವು ಟೈಪ್ ಮಾಡಿದ ಸಾಲುಗಳ ಕೆಳಗೆ ನನ್ನ ವಕ್ರ ಕೈಬರಹದಲ್ಲಿ ಪೊನ್ನಮ್ಮನ ನಿದ್ದೆ ಇದೆ. ಇಂಗ್ಲಿಷ್ ಸರಿಯಿದೆಯೋ ಇಲ್ಲವೋ ನಿಮ್ಮನ್ನು ಕೇಳಲು ಸಮಯವಿರಲಿಲ್ಲ. ತಪ್ಪಿದ್ದರೂ ಅದೊಂದನ್ನು ನೀವು ತಿದ್ದಬೇಡಿ ದೊಡ್ಡಮ್ಮಾ.

ನಿಮ್ಮ
ಭುವನಾ